ಬಟಾಣಿ ತೋಟಕ್ಕೆ ಹೋದ ಬಿಳಿ ಜುಟ್ಟು

ಬನಶಂಕರಿ

ವಿದೇಶಕ್ಕೆ ಹೋದವರು ಸೇತುವೆ, ಗೋಪುರ, ಅರಮನೆ ನೋಡಿಕೊಂಡು ಬರುತ್ತಾರೆ. ನಾನು ಜನ್ಮದಲ್ಲಿ ಒಂದೇ ಒಂದು ಸಲ ದೇಶ ಬಿಟ್ಟು ಹೋದದ್ದು ಒಂದು ತರಕಾರಿ ಮಡಿ ನೋಡುವುದಕ್ಕೆ. ಹೋಗಿ ನೋಡಿದರೆ ಅಲ್ಲಿ ತರಕಾರಿಯೂ ಇರಲಿಲ್ಲ.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದೆ. ಅನುವಂಶೀಯತೆಯ ಪಾಠ ಬಂದಾಗಲೆಲ್ಲ ಯೂರೋಪಿನವರ ಹೆಸರು ಮಕ್ಕಳ ನಾಲಗೆಗೆ ಹತ್ತುತ್ತಿರಲಿಲ್ಲ. ಅದಕ್ಕೇ ನಾನೇ ಅಡ್ಡಹೆಸರು ಇಟ್ಟಿದ್ದೆ. ಜೀವಿಗಳೆಲ್ಲ ನಿಧಾನವಾಗಿ ಬದಲಾಗುತ್ತ ಬಂದವು, ಬದುಕಿಗೆ ಒಗ್ಗಿದ್ದು ಉಳಿಯಿತು ಎಂದ ಇಂಗ್ಲೆಂಡಿನವನು ‘ಗಡ್ಡದಜ್ಜ’. ಎಲೆ ಎಟುಕಲಿ ಎಂದು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು, ಅದೇ ಮರಿಗೂ ಇಳಿಯಿತು ಎಂದ ಫ್ರಾನ್ಸಿನವನು ‘ಕತ್ತಿನ ಪಂಡಿತ’. ಮಠದ ಹಿತ್ತಲಲ್ಲಿ ಬಟಾಣಿ ಬೆಳೆದು, ಕಾಳುಗಳನ್ನು ಎಣಿಸಿ ಎಣಿಸಿ, ತಂದೆತಾಯಿಯ ಗುಣ ಮಕ್ಕಳಿಗೆ ಬರುವ ಲೆಕ್ಕ ಕಂಡುಹಿಡಿದವನು ‘ಬಟಾಣಿ ಪಾದ್ರಿ’. ಈ ಪಾದ್ರಿಯ ಮೇಲೆ ನನಗೆ ವಿಶೇಷ ಪ್ರೀತಿ. ಮೇಷ್ಟ್ರಾಗುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವನು ಅವನು. ಅವನು ಹೇಳಿದ್ದನ್ನು ಅವನು ಬದುಕಿರುವವರೆಗೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಜೀವಮಾನವಿಡೀ ಪಾಠ ಮಾಡಿದ ನನಗೆ ಇಂಥವನು ಹತ್ತಿರದ ನೆಂಟ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ರಿಟೈರ್ ಆದಾಗ ಹಳೆಯ ವಿದ್ಯಾರ್ಥಿಗಳು ಸೇರಿಕೊಂಡು, ಪಾದ್ರಿಯ ಮಠವಿರುವ ಚೆಕ್ ದೇಶದ ಬ್ರನೋ ಎಂಬ ಊರಿಗೆ ನನ್ನನ್ನೂ ನನ್ನ ಹೆಂಡತಿಯನ್ನೂ ಕಳಿಸಲು ಹೊರಟರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೆಂಡತಿ ಮೊದಲೇ ಕೈ ಎತ್ತಿಬಿಟ್ಟಳು.

“ಬಟಾಣಿ ನೋಡೋಕೆ ಏರೋಪ್ಲೇನ್ ಹತ್ಬೇಕಾ ರೀ? ಫೋರ್ತ್ ಬ್ಲಾಕ್ ಮಾರ್ಕೆಟ್ಟಲ್ಲಿ ರಾಶಿ ಬಿದ್ದಿರತ್ತೆ. ನನ್ನ ಮಂಡಿಗೆ ಅಷ್ಟು ಹೊತ್ತು ಕೂರೋಕಾಗಲ್ಲ. ಸುಮನ್ನ ಕರ್ಕೊಂಡ್ಹೋಗಿ, ಪಾಪ, ಆ ಹುಡುಗಿಗೂ ಸ್ವಲ್ಪ ಮನಸ್ಸು ತಿಳಿಯಾಗ್ಲಿ.”

ಸುಮಾ ಅಂದರೆ ಬನಶಂಕರಿಯಲ್ಲಿರುವ ನನ್ನ ತಂಗಿ ಲಲಿತೆಯ ಒಬ್ಬಳೇ ಮಗಳು. ಜೆ.ಪಿ. ನಗರದ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಅವಳ ಮನಸ್ಸು ಕದಡಿದ್ದಕ್ಕೆ ಕಾರಣ ಅವಳ ತಲೆಯ ಮೇಲೆಯೇ ಇತ್ತು. ನಮ್ಮ ವಂಶದಲ್ಲಿ ಕೆಲವರಿಗೆ ಹಣೆಯ ನೇರಕ್ಕೆ ಒಂದು ಹಿಡಿ ಕೂದಲು ಹುಟ್ಟುತ್ತಲೇ ಅಚ್ಚ ಬಿಳಿ. ನನ್ನ ಅಮ್ಮನಿಗೆ ಇತ್ತು, ನನಗೆ ಇತ್ತು, ಲಲಿತೆಗೆ ಇದೆ, ಸುಮಾಳಿಗೂ ಬಂತು. ನಾನು ಹುಡುಗನಾಗಿದ್ದಾಗ ಜನ ಅದನ್ನು ಬುದ್ಧಿವಂತನ ಲಕ್ಷಣ ಅನ್ನುತ್ತಿದ್ದರು. ಮೂವತ್ತು ದಾಟುವುದರೊಳಗೆ ತಲೆ ಬೋಳಾಗಿ ನನ್ನ ಲಕ್ಷಣವೂ ಹೋಯಿತು, ಚಿಂತೆಯೂ ಹೋಯಿತು. ಅದೇ ಜುಟ್ಟು ಹೆಣ್ಣುಮಕ್ಕಳ ತಲೆಯಲ್ಲಿ ಕಂಡರೆ ದೋಷ, ತೊನ್ನಿನ ಶುರು, ಇನ್ನೇನೇನೋ.

ಇದು ಎಲ್ಲಿಂದ ಬಂತು ಎನ್ನುವುದಕ್ಕೆ ನಮ್ಮ ಮನೆಯಲ್ಲಿ ತಲೆಗೊಂದು ಸಿದ್ಧಾಂತ. ನಮ್ಮ ಅಪ್ಪ, “ನಿಮ್ಮಮ್ಮ ಚಿಕ್ಕವಳಿದ್ದಾಗಿಂದ ನೀರಿನ ಕೊಡ ಹೊತ್ತೂ ಹೊತ್ತೂ ಅಲ್ಲಿ ಕೂದಲು ಬೆಳ್ಳಗಾಯ್ತು, ಅದೇ ನಿಮಗೆ ಬಂತು” ಎನ್ನುತ್ತಿದ್ದರು. ದೊಡ್ಡಮ್ಮನ ಪ್ರಕಾರ ನನ್ನ ಅಜ್ಜಿ ಬಸುರಿಯಾಗಿದ್ದಾಗ ಶಿವರಾತ್ರಿಯ ದಿನ ವಿಭೂತಿ ಬಳಿದ ಜಂಗಮನೊಬ್ಬನನ್ನು ಕಣ್ಣು ಮಿಟುಕಿಸದೆ ನೋಡಿಬಿಟ್ಟಿದ್ದಳಂತೆ. ಲಲಿತೆಯ ಗಂಡ, ನಮ್ಮ ಭಾವ, ಕಾಫಿ ಬೆರೆಸುತ್ತಲೇ ವಿವರಿಸುವವರು: “ಡಿಕಾಕ್ಷನ್ನಿಗೆ ಹಾಲು ಹಾಕಿದ್ರೆ ಬಣ್ಣ ತಿಳಿಯಾಗತ್ತಲ್ವಾ? ಹಂಗೇ. ಒಳ್ಳೇ ಕಪ್ಪು ಕೂದ್ಲಿನ ಅಳಿಯನ್ನ ತಂದ್ರೆ ಮೊಮ್ಮಕ್ಕಳಿಗೆ ಬೂದಿ ಬಣ್ಣ, ಮರಿಮಕ್ಕಳಿಗೆ ಅದೂ ಇರಲ್ಲ.”

ಯೂರೋಪಿನ ದೊಡ್ಡ ದೊಡ್ಡ ಪಂಡಿತರು ಶತಮಾನಗಟ್ಟಲೆ ಜಗಳವಾಡಿದ್ದು ಇವೇ ಮಾತಿಗೆ. ಅಪ್ಪ ಹೇಳಿದ್ದು ಕತ್ತಿನ ಪಂಡಿತನ ವಾದ. ತಾಯಿ ಕಂಡದ್ದು ಮಗುವಿನ ಮೈಮೇಲೆ ಮೂಡುತ್ತದೆ ಎಂದು ನಂಬಿದ ವೈದ್ಯರು ಅಲ್ಲಿಯೂ ಬೇಕಾದಷ್ಟಿದ್ದರು. ಭಾವನ ಕಾಫಿಯಂತೂ ಗಡ್ಡದಜ್ಜನ ಕಾಲದಲ್ಲಿ ಬಹುಪಾಲು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಅದು ಕಾಫಿಯಲ್ಲ, ಹುಳಿಯೊಳಗಿನ ಕಾಳು, ಎಷ್ಟು ಕುದಿಸಿದರೂ ಒಂದರೊಳಗೊಂದು ಕರಗುವುದಿಲ್ಲ ಎಂದು ತೋರಿಸಿದವನು ಬಟಾಣಿ ಪಾದ್ರಿ. ನಮ್ಮ ಮನೆಯಲ್ಲಿ ಅವನ ಕಡೆಯವನು ನಾನೊಬ್ಬನೇ, ನನ್ನ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಲಲಿತೆಯ ಮದುವೆ ಆದದ್ದು ಜುಟ್ಟು ಮುಚ್ಚಿಟ್ಟು. ಅಂಗಡಿಯ ಡೈ ಹಚ್ಚಿದರೆ ಅವಳ ಹಣೆ ಊದಿಕೊಳ್ಳುತ್ತದೆ (ಅದೂ ಸುಮಾಳಿಗೆ ಇಳಿದಿದೆ). ಹಾಗಾಗಿ ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕರ್ರಗೆ ಹುರಿದು, ಪುಡಿ ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳುತ್ತಾಳೆ. ಅದು ಉಳಿಯುವುದು ಮುಂದಿನ ತಲೆಸ್ನಾನದವರೆಗೆ. ಮದುವೆಯಾದ ಮೊದಲ ಶುಕ್ರವಾರವೇ ಗುಟ್ಟು ರಟ್ಟಾಯಿತು. ಭಾವ ನಕ್ಕು ಸುಮ್ಮನಾದರು, ಅವರ ತಾಯಿ ಸುಮ್ಮನಾಗಲಿಲ್ಲ. ಸುಮಾ ಹುಟ್ಟಿದ ದಿನ ತೊಟ್ಟಿಲ ಮುಂದೆ ನಿಂತು, “ನಿಮ್ಮ ಕಡೆಯವರ ಮೋಸ ಮಗು ತಲೆ ಮೇಲೂ ಬಂತು” ಎಂದರು. ಆಮೇಲೂ ಲಲಿತೆ ದಿನವೂ ಬಾಣಲೆ ಉಜ್ಜಿದಂತೆ ಆ ಗುಟ್ಟನ್ನು ಹೊರಗಿನವರಿಂದ ಕಾಪಾಡಿಕೊಂಡೇ ಬಂದಳು, ಮಗಳಿಗೂ ಅದನ್ನೇ ಕಲಿಸಿದಳು.

ನಾವು ಹೊರಡುವ ಹೊತ್ತಿಗೆ ಶ್ರೀನಗರದ ಒಂದು ಮನೆಯವರು ಸುಮಾಳನ್ನು ನೋಡಲು ಬರುವುದೆಂದು ನಿಶ್ಚಯವಾಗಿತ್ತು. ಆಷಾಢ ಹತ್ತಿರ ಬಂದಿದ್ದರಿಂದ ನಾವು ವಾಪಸಾದ ಮರುದಿನವೇ ಅವರು ಬರುವವರು. ಹಿಂದೆ ಒಂದು ಸಂಬಂಧ ಈ ಜುಟ್ಟಿನಿಂದಲೇ ತಪ್ಪಿತ್ತು. ಲಲಿತೆ ನನ್ನ ಕೈ ಹಿಡಿದು, “ಅಣ್ಣ, ಇವಳು ಹೆಂಗೆ ಹೋಗ್ತಾಳೋ ಹಂಗೇ ಕಪ್ಪು ತಲೇಲಿ ವಾಪಸ್ ಕರ್ಕೊಂಡ್ಬಾ. ನಿನ್ನ ಪಾಠ ಗೀಠ ಅಲ್ಲೇ ಬಿಟ್ಟು ಬಾ” ಎಂದಳು. ನಾನು ಆಗಲಿ ಎಂದೆ.

ವಿಯೆನ್ನಾ

ವಿಮಾನ ಇಳಿದದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಅಲ್ಲಿಂದ ಬ್ರನೋಗೆ ರೈಲು. ವಿಯೆನ್ನಾದ ಟ್ರಾಮಿನಲ್ಲಿ ಜನ ಮಾತೇ ಆಡುವುದಿಲ್ಲ. ನಾನು ಬನಶಂಕರಿ ಬಸ್ಸಿನ ಅಭ್ಯಾಸದಲ್ಲಿ ಪಕ್ಕದವರನ್ನು ಯಾವ ಸ್ಟಾಪು, ಎಷ್ಟು ಮಕ್ಕಳು ಎಂದು ವಿಚಾರಿಸಿಕೊಂಡೆ. ಆತ ಮುಂದಿನ ಸ್ಟಾಪಿನಲ್ಲೇ ಇಳಿದು ಹಿಂದಿನ ಡಬ್ಬಿ ಹತ್ತಿದ.

“ಮಾವ, ಪ್ಲೀಸ್, ಸುಮ್ನಿರಿ. ಪೊಲೀಸ್‌ನ ಕರೀತಾರೆ,” ಎಂದಳು ಸುಮಾ.

ಮರುದಿನ ಶುಕ್ರವಾರ. ಊರು ಬದಲಾದರೂ ವಾರ ಬದಲಾಗುವುದಿಲ್ಲವಲ್ಲ, ಸುಮಾ ಹಾಸ್ಟೆಲಿನಲ್ಲಿ ಎದ್ದು ತಲೆಗೆ ಎರೆದುಕೊಂಡಳು. ಪುಡಿ ಹಚ್ಚಲು ಹೊತ್ತಿಲ್ಲ, ಬ್ರನೋದಲ್ಲಿ ಹಚ್ಚಿಕೊಂಡರಾಯಿತು ಎಂದು ದುಪಟ್ಟಾ ತಲೆಗೆ ಸುತ್ತಿಕೊಂಡು ರೈಲಿಗೆ ಹೊರಟಳು.

ಗಡಿಯ ರೈಲು

ನಮ್ಮ ಎದುರಿಗೆ ಚೆಕ್ ಮುದುಕರೊಬ್ಬರು ಕೂತಿದ್ದರು. ಮೊಣಕಾಲ ಮೇಲೆ ಒಂದು ದೊಡ್ಡ ಬ್ರೆಡ್ಡು, ಕೈಯಲ್ಲಿ ಚಾಕು, ಮುಖದಲ್ಲಿ ನಗು. ಸುಮಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ನನಗೆ ಹಸಿವು. ಲಲಿತೆ ಕಟ್ಟಿಕೊಟ್ಟ ಊಟದ ಬ್ಯಾಗು ತೆಗೆದೆ. ಚಪಾತಿ ಇತ್ತು, ಹಳೆಯ ಜಾಮಿನ ಬಾಟಲಿಯೊಂದರಲ್ಲಿ ಕರಿ ಪುಡಿ ಇತ್ತು. ಹುಚ್ಚೆಳ್ಳು ಚಟ್ನಿಪುಡಿ! ನನ್ನ ಪಂಚಪ್ರಾಣ ಅದು ಎಂದು ತಂಗಿಗೆ ಗೊತ್ತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಬಾಯಿಗೆ ಹಾಕಿದರೆ ಉಪ್ಪಿಲ್ಲ, ಖಾರವಿಲ್ಲ, ಏನೋ ಒಗರು. ಮದುವೆ ಮಾತಿನ ಗಡಿಬಿಡಿಯಲ್ಲಿ ಪಾಪ ಮರೆತಿದ್ದಾಳೆ ಎಂದುಕೊಂಡೆ. ತಂಗಿ ಮಾಡಿದ್ದನ್ನು ಬಿಡುವುದುಂಟೇ? ವಿಮಾನದ ಊಟದ ಜೊತೆ ಕೊಟ್ಟಿದ್ದ ಉಪ್ಪಿನ ಪೊಟ್ಟಣ ಉದುರಿಸಿಕೊಂಡು ತಿಂದೆ. ಮುದುಕರು ಆಸೆಯಿಂದ ನೋಡುತ್ತಿದ್ದರು. ಅವರ ಬ್ರೆಡ್ಡಿಗೂ ಬೆಣ್ಣೆಯ ಮೇಲೆ ಧಾರಾಳವಾಗಿ ಸುರಿದೆ. ಅವರು ಒಂದು ಚೂರು ತಿಂದು, ಮುಖ ಒಂದು ಥರ ಮಾಡಿ, ಮರ್ಯಾದೆಗೆ ಇನ್ನೊಂದು ಚೂರು ತಿಂದರು. ಇಬ್ಬರೂ ಭಾಷೆ ಗೊತ್ತಿಲ್ಲದೆ ನಗುತ್ತ ಬಾಟಲಿ ಖಾಲಿ ಮಾಡಿದೆವು. ನಮ್ಮೂರಲ್ಲೂ ನೆಂಟರ ಮನೆಯಲ್ಲಿ ರುಚಿಯಿಲ್ಲದ್ದನ್ನು ಹೀಗೇ ಎರಡನೇ ಸಲ ಹಾಕಿಸಿಕೊಳ್ಳುತ್ತೇವೆ.

ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಂದ. ಸುಮಾ ಎದ್ದು ಪಾಸ್‌ಪೋರ್ಟ್ ಕೊಟ್ಟಳು. ಆತ ದುಪಟ್ಟಾ ತೆಗೆಯಲು ಸನ್ನೆ ಮಾಡಿದ. ತೆಗೆದಳು. ಫೋಟೋದಲ್ಲಿ ತಲೆಯೆಲ್ಲ ಕಪ್ಪು, ಎದುರಿಗೆ ಹಣೆಯ ಮೇಲೆ ಬಿಳಿ ಜುಟ್ಟು. ಆತ ಫೋಟೋ ನೋಡಿದ, ಹುಡುಗಿಯನ್ನು ನೋಡಿದ, ಮತ್ತೆ ಫೋಟೋ ನೋಡಿದ. ನಾನು ಹಿರಿಯನಾಗಿ ಮಧ್ಯೆ ಪ್ರವೇಶಿಸಿ, “ಸಾರ್, ಫ್ಯಾಮಿಲಿ ಹೇರ್, ಸಾರ್” ಎಂದು ಬಾಯಿ ತುಂಬ ನಕ್ಕೆ. ಆತ ಒಂದು ಹೆಜ್ಜೆ ಹಿಂದೆ ಸರಿದ. ಮುದುಕರೂ ನಕ್ಕರು. ಆತ ಇನ್ನೊಂದು ಹೆಜ್ಜೆ ಸರಿದ.

ಸುಮಾ ನನ್ನ ಕಡೆ ತಿರುಗಿದಳು. “ಮಾವ, ನಿಮ್ಮ ಬಾಯಿ ಯಾಕೆ ಹಂಗಿದೆ? ಹಲ್ಲೆಲ್ಲ ಕಪ್ಪು! ಏನ್ ತಿಂದ್ರಿ?”

“ಚಟ್ನಿಪುಡಿ ಕಣೇ. ನಿಮ್ಮಮ್ಮ ಉಪ್ಪು ಹಾಕೋದೇ ಮರ್ತಿದ್ಲು.”

ಅವಳು ಬ್ಯಾಗಿಗೆ ಕೈ ಹಾಕಿ ಖಾಲಿ ಬಾಟಲಿ ಎತ್ತಿ ಹಿಡಿದಳು. ಯಾರಾದರೂ ಕಂಡರೆ ಚಟ್ನಿಪುಡಿ ಅಂದುಕೊಳ್ಳಲಿ ಎಂದು ಲಲಿತೆ ಅದನ್ನು ಊಟದ ಬ್ಯಾಗಿನಲ್ಲಿ ಇಟ್ಟಿದ್ದಳು. ಯಾರಾದರೂ ಅಂದುಕೊಂಡೂ ಆಗಿತ್ತು. ನಾನು ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು, ನನ್ನ ಸೋದರ ಸೊಸೆಯ ಕೂದಲಿನ ಬಣ್ಣವನ್ನು ಉಪ್ಪು ಹಾಕಿಕೊಂಡು ತಿಂದಿದ್ದೆ.

ಅಧಿಕಾರಿ ಇನ್ನೊಬ್ಬನನ್ನು ಕರೆದ. ಆಗ ಮುದುಕರು ಎದ್ದು ನಿಂತು ಅವರ ಭಾಷೆಯಲ್ಲಿ ಏನೇನೋ ಹೇಳಿದರು. ಸುಮಾಳ ಜುಟ್ಟು ತೋರಿಸಿದರು, ನನ್ನ ಬೋಳು ತಲೆ ತೋರಿಸಿದರು, ತಮ್ಮ ಚಪ್ಪಟೆ ಮೂಗು ಹಿಡಿದು ತೋರಿಸಿ, ಅಜ್ಜ, ಅಪ್ಪ ಎನ್ನುವ ಹಾಗೆ ಕೈಯನ್ನು ಮೇಲಿನಿಂದ ಕೆಳಗೆ ಇಳಿಸಿದರು. ಇಬ್ಬರೂ ನಕ್ಕು ಠಸ್ಸೆ ಒತ್ತಿ ಹೋದರು. ಸುಮಾ ಮಾತ್ರ ನಗಲಿಲ್ಲ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮುದುಕರು ಚೀಲದಿಂದ ಚೆರ್ರಿ ಹಣ್ಣು ತೆಗೆದು ಅವಳ ಪಕ್ಕದಲ್ಲಿ ಸದ್ದಿಲ್ಲದೆ ಇಟ್ಟರು.

ಬ್ರನೋ

ನಾವು ಇಳಿದುಕೊಂಡ ಮನೆಯ ಯಜಮಾನಿ ಬಾಗಿಲಲ್ಲೇ ತಡೆದು ನಮ್ಮ ಕಾಲು ತೋರಿಸಿದರು. ಆ ದೇಶದಲ್ಲೂ ಚಪ್ಪಲಿ ಹೊರಗೇ ಬಿಡಬೇಕು! ಒಳಗೆ ಹಾಕಿಕೊಳ್ಳಲು ನೆಂಟರಿಗೆಂದೇ ಬಟ್ಟೆಯ ಚಪ್ಪಲಿ ಜೋಡಿಸಿಟ್ಟಿರುತ್ತಾರೆ. ಅಂಗಡಿಗೆ ಹೋದರೆ ಒಳಗೆ ಬರುವಾಗ ಒಂದು ನಮಸ್ಕಾರ, ಹೊರಗೆ ಹೋಗುವಾಗ ಇನ್ನೊಂದು, ಏನೂ ಕೊಳ್ಳದಿದ್ದರೂ. ಬಸ್ಸಿನಲ್ಲಿ ನನ್ನ ಬೋಳು ತಲೆ ಕಂಡ ಹುಡುಗರೆಲ್ಲ ಎದ್ದು ಸೀಟು ಬಿಟ್ಟರು. ಇಷ್ಟು ಒಳ್ಳೆಯವರು ಮಾಂಸ ಬೇಡ ಎಂದರೆ ಮಾತ್ರ ಸೂಪಿನಲ್ಲಿ ಹಂದಿಯ ಚೂರು ಹಾಕಿ ತರುತ್ತಾರೆ. ಅದು ಮಾಂಸವಲ್ಲವಂತೆ, ರುಚಿಗೆ ಹಾಕಿದ್ದಂತೆ. ಕೊನೆಗೆ ಕರಿದ ಚೀಸು, ಆಲೂಗಡ್ಡೆಯಲ್ಲಿ ಹೊಟ್ಟೆ ಹೊರೆದುಕೊಂಡೆವು.

ಸುಮಾ ದುಪಟ್ಟಾ ಬಿಚ್ಚಲೇ ಇಲ್ಲ. ಆ ಸೆಕೆಯಲ್ಲೂ ತಲೆಗೆ ಸುತ್ತಿಕೊಂಡೇ ಊಟಕ್ಕೆ ಬಂದಳು.

“ಸುಮಾ, ಊರಿಗೆ ಹೋದ ತಕ್ಷಣ ನಿಮ್ಮಮ್ಮ ಹಚ್ಚಿಬಿಡ್ತಾಳೆ, ಚಿಂತೆ ಮಾಡ್ಬೇಡ.”

“ಮನೇಲಿ ಪುಡಿ ಇಲ್ಲ ಮಾವ. ಈಗ ನೆಲ್ಲಿಕಾಯಿ ಸೀಸನ್ನೂ ಅಲ್ಲ. ಇದ್ದಿದ್ದೆಲ್ಲ ಅಮ್ಮ ನನಗೇ ಹಾಕಿಕೊಟ್ಟಿದ್ರು.” ಸ್ವಲ್ಪ ಹೊತ್ತು ಫೋರ್ಕಿನಲ್ಲಿ ಆಲೂಗಡ್ಡೆ ಕೆದಕಿದಳು. “ಪುಡಿದಲ್ಲ ಮಾವ ನನ್ನ ಚಿಂತೆ. ಮುಚ್ಚಿಟ್ಟು ಮದ್ವೆ ಆಗ್ತೀನಿ ಅಂತಿಟ್ಕೊಳ್ಳಿ. ಮಗು ಹುಟ್ಟಿದ ದಿನ ಗೊತ್ತಾಗತ್ತಲ್ವಾ? ಅವತ್ತು ತೊಟ್ಟಿಲ ಮುಂದೆ ಯಾರೋ ನಿಂತ್ಕೊಂಡು ಮೋಸ ಅಂತಾರೆ. ಅಮ್ಮಂಗೆ ಅಂದಂಗೆ. ಆ ಮಾತು ನನ್ನ ಮಗು ಕಿವಿಗೆ ಬೀಳಬಾರದು.”

ಆಲೂಗಡ್ಡೆ ಮುಗಿಸಿ ಎದ್ದೆವು.

ಮಠದ ಹಿತ್ತಲು

ಮರುದಿನ ಮಠಕ್ಕೆ ಹೋದೆವು. ಜೀವಮಾನವಿಡೀ ಬೋರ್ಡಿನ ಮೇಲೆ ಬರೆದ ತೋಟ ಎಂದರೆ ಲಾಲ್‌ಬಾಗಿನಷ್ಟಾದರೂ ಇರಬೇಡವೇ? ನಮ್ಮ ಬಡಾವಣೆಯ ಮೂವತ್ತಕ್ಕೆ ನಲವತ್ತು ಅಡಿಯ ಎರಡು ಸೈಟು ಸೇರಿಸಿದರೆ ಮುಗಿಯಿತು. ಅದರಲ್ಲಿ ಬಟಾಣಿಯ ಒಂದು ಬಳ್ಳಿಯೂ ಇಲ್ಲ. ಕೆಂಪು, ಬಿಳಿ ಹೂವಿನ ಗಿಡಗಳನ್ನು ಸಾಲಾಗಿ ನೆಟ್ಟಿದ್ದರು. ನನಗೆ ಹೆಂಡತಿಯ ಫೋರ್ತ್ ಬ್ಲಾಕ್ ಮಾರ್ಕೆಟ್ಟು ನೆನಪಾಗಿ ಮುಖ ಸಪ್ಪಗಾಯಿತು.

ತೋಟ ತೋರಿಸಲು ಬಂದವರು ಯಾನಾ ಎಂಬ ಹಿರಿಯ ಹೆಂಗಸು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಸ್ಕೂಲಿನಲ್ಲಿ ಕಲಿತಂತಿತ್ತು, ಚೆನ್ನಾಗಿ ಹೊಂದಿಕೊಂಡೆವು. ಹೂವಿನ ಸಾಲುಗಳೇ ಪಾದ್ರಿಯ ಲೆಕ್ಕ ಎಂದು ಅವರು ವಿವರಿಸಿದರು. ಕೆಂಪು ಗಿಡಕ್ಕೂ ಬಿಳಿ ಗಿಡಕ್ಕೂ ಹುಟ್ಟಿದವೆಲ್ಲ ಕೆಂಪು. ಬಿಳಿ ಸತ್ತೇ ಹೋಯಿತು ಅಂದುಕೊಂಡರೆ ಮೊಮ್ಮಕ್ಕಳ ಸಾಲಿನಲ್ಲಿ ಮತ್ತೆ ಅಚ್ಚ ಬಿಳಿ ಹೂವು. ಬೆರೆತು ಮಾಸಿದ ಬಣ್ಣ ಎಲ್ಲೂ ಇಲ್ಲ. ಭಾವನ ಕಾಫಿಯನ್ನು ಅಲ್ಲೇ ಚೆಲ್ಲಿದಂತಾಯಿತು.

ಆ ಹೊತ್ತಿಗೆ ಗಾಳಿ ಬಂದು ಸುಮಾಳ ದುಪಟ್ಟಾ ಜಾರಿತು. ಅವಳು ಹಿಡಿದುಕೊಳ್ಳುವುದರೊಳಗೆ ಯಾನಾ ನೋಡಿಬಿಟ್ಟರು. ಅಯ್ಯೋ ಅನ್ನಲಿಲ್ಲ, ಔಷಧಿ ಹೇಳಲಿಲ್ಲ. ಹೂವಿನ ಸಾಲನ್ನು ನೋಡಿದ ಕಣ್ಣಿನಲ್ಲೇ ನೋಡಿ ಕೇಳಿದರು:

“ಅಮ್ಮ? ಅಜ್ಜಿ?”

ಸುಮಾ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ, ನೆಲದ ಮರಳಿನ ಮೇಲೆ ಬೆರಳಿನಿಂದ ನಮ್ಮ ವಂಶ ಬರೆದಳು. ಅಜ್ಜಿಗೆ ಒಂದು ಸೊನ್ನೆ, ಅದರೊಳಗೆ ಉದುರಿ ಬಿದ್ದಿದ್ದ ಒಂದು ಬಿಳಿ ಹೂವಿನ ಎಸಳು. ಕೆಳಗೆ ನಾನು, ಲಲಿತೆ, ಇಬ್ಬರಿಗೂ ಎಸಳು. ಅದರ ಕೆಳಗೆ ತಾನು, ತನಗೂ ಒಂದು. ನಾನು ಬೋರ್ಡಿನ ಮೇಲೆ ಇಂಥ ಚಿತ್ರ ಲೆಕ್ಕವಿಲ್ಲದಷ್ಟು ಬರೆದಿದ್ದೇನೆ, ನಮ್ಮ ಮನೆಯವರ ಹೆಸರು ಹಾಕಿ ಒಮ್ಮೆಯೂ ಬರೆದಿರಲಿಲ್ಲ. ತನ್ನ ಕೆಳಗೆ ಅವಳು ಇನ್ನೊಂದು ಸೊನ್ನೆ ಬರೆದಳು. ಎಸಳನ್ನು ಕೈಯಲ್ಲೇ ಹಿಡಿದುಕೊಂಡಳು.

“ಇದಕ್ಕೆ?”

“ಪೂಲ್ ನಾ ಪೂಲ್,” ಎಂದರು ಯಾನಾ, ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ. ಅರ್ಧ ಅರ್ಧ. ಕಾಸು ಚಿಮ್ಮಿದ ಹಾಗೆ. ಈ ಜುಟ್ಟು ಬಿಳಿ ಹೂವಿನಂತೆ ಅಡಗಿ ಕೂರುವುದಲ್ಲ, ಕೆಂಪಿನಂತೆ ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುವುದು.

“ಅಷ್ಟೇನಾ ಮಾವ? ದೋಷ, ಜಂಗಮನ ವಿಭೂತಿ, ಕೊಡ ಹೊತ್ತಿದ್ದು, ಯಾವ್ದೂ ಇಲ್ವಾ?”

“ಯಾವ್ದೂ ಇಲ್ಲ ಕಣಮ್ಮ. ಯಾರ ತಪ್ಪೂ ಇಲ್ಲ.”

ಅವಳು ಎಸಳನ್ನು ಮಗುವಿನ ಸೊನ್ನೆಯ ಗೆರೆಯ ಮೇಲೆ ಇಟ್ಟಳು, ಒಳಗೂ ಅಲ್ಲ, ಹೊರಗೂ ಅಲ್ಲ. ದುಪಟ್ಟಾ ಮಡಿಸಿ ಬ್ಯಾಗಿಗೆ ಹಾಕಿದಳು. ಬಟಾಣಿ ಸಿಗಲಿಲ್ಲ ಎನ್ನುವ ನನ್ನ ಬೇಜಾರು ಅಲ್ಲೇ ಹೋಯಿತು. ಆ ಹುಡುಗಿಯ ಮೇಲೆ ನನಗೆ ಬಂದ ಪ್ರೀತಿಗೆ ಅವಳ ಫೋಟೋ ತೆಗೆದೂ ತೆಗೆದೂ ರೀಲು ಪೂರ್ತಿ ಮುಗಿಸಿದೆ.

ಮತ್ತೆ ಬನಶಂಕರಿ

ಏರ್‌ಪೋರ್ಟಿಗೆ ಬಂದ ಭಾವ ಮಗಳ ತಲೆ ನೋಡಿ, ನನ್ನನ್ನು ನೋಡಿ, ಸೂಟ್‌ಕೇಸ್ ಎತ್ತಿಕೊಂಡರು. ಮನೆ ತಲುಪುವ ತನಕ ಪೆಟ್ರೋಲಿನ ವಿಷಯ ಮಾತಾಡಿದರು.

ಬಾಗಿಲು ತೆಗೆದ ಲಲಿತೆಯ ತಲೆ ಮೇಲೆ ಸೆರಗು. ಎಂದೂ ಸೆರಗು ಹೊದೆಯದವಳು. ನನಗೆ ಆಗ ಹೊಳೆಯಿತು. ಇದ್ದ ಪುಡಿಯನ್ನೆಲ್ಲ ಮಗಳಿಗೆ ತುಂಬಿಕೊಟ್ಟು ಅವಳು ಇಲ್ಲಿ ಖಾಲಿ ಕೈಯಲ್ಲಿ ಉಳಿದಿದ್ದಳು. ಬಂದವರೆಲ್ಲರಿಗೂ ತಲೆಶೂಲೆ ಎಂದು ಹೇಳಿಕೊಂಡಿದ್ದಳಂತೆ.

“ಅಣ್ಣ, ಏನ್ ಹೇಳಿ ಕಳ್ಸಿದ್ದೆ ನಿಂಗೆ?” ಎಂದು ಅಳುವುದಕ್ಕೇ ಶುರುಮಾಡಿದಳು. ನಾನು ಪುಡಿ ತಿಂದ ಕಥೆ ಹೇಳಿದೆ. ಅಳುತ್ತಿದ್ದವಳು ಮಧ್ಯದಲ್ಲಿ ಒಮ್ಮೆ ನಕ್ಕು ಮತ್ತೆ ಅತ್ತಳು.

“ಅಮ್ಮ, ನಾನು ಹಿಂಗೇ ಕಾಫಿ ತರ್ತೀನಿ,” ಎಂದಳು ಸುಮಾ. “ಬೇಡ ಅಂದ್ರೆ ಈಗ್ಲೇ ಅನ್ಲಿ. ತೊಟ್ಟಿಲ ಮುಂದೆ ಅನ್ನೋದು ಬೇಡ.”

ಲಲಿತೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಶ್ರೀನಗರದಿಂದ ಹುಡುಗ, ಅವನ ತಾಯಿ, ಅಜ್ಜಿ ಬಂದರು. ಕೇಸರಿಭಾತು, ಬಜ್ಜಿ ಆಯಿತು. ಸುಮಾ ಜಡೆ ಹಾಕಿ, ಜುಟ್ಟನ್ನು ಹಣೆಯಿಂದ ಹಿಂದಕ್ಕೆ ನೀಟಾಗಿ ಬಾಚಿ, ಕಾಫಿ ತಂದಳು. ಹುಡುಗನ ತಾಯಿಯ ಕೈ ಲೋಟದ ಹತ್ತಿರವೇ ನಿಂತಿತು.

“ಇದೇನಮ್ಮ ಇದು? ಯಾವಾಗಿಂದ?”

“ಹುಟ್ದಾಗಿಂದ ಆಂಟಿ.”

“ಮುಂದೆ… ಮಕ್ಕಳಿಗೂ?”

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸುಮಾನೇ ಹೇಳಿದಳು.

“ಅರ್ಧ ಅರ್ಧ ಆಂಟಿ. ಬಂದ್ರೂ ಬರಬಹುದು, ಬರದೇನೂ ಇರಬಹುದು. ರೋಗ ಅಲ್ಲ. ಬಂದ್ರೆ ನಾನು ಮುಚ್ಚಿಡಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಲಲಿತೆ ಒಂದು ಹೆಜ್ಜೆ ಮುಂದೆ ಬಂದಳು. ಸೆರಗನ್ನು ತಲೆಯಿಂದ ಇಳಿಸಿ ಭುಜಕ್ಕೆ ಹಾಕಿಕೊಂಡಳು.

“ಅವಳಿಗೆ ನನ್ನಿಂದ ಬಂದಿದ್ದು. ನಂಗೆ ನಮ್ಮಮ್ಮನಿಂದ,” ಎಂದಳು.

ಅಜ್ಜಿ ಕನ್ನಡಕ ಏರಿಸಿ ತಾಯಿಯನ್ನೂ ಮಗಳನ್ನೂ ನೋಡಿದರು. “ಅಲ್ಲ, ಥೇಟ್ ತಾಯಿ ಥರಾನೇ ಇದಾಳಲ್ಲ ಹುಡುಗಿ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಕೂತ್ಕೊ ಬಾಮ್ಮ. ಕಾಫಿ ಆರೋಗತ್ತೆ.”

ಆಷಾಢ ಕಳೆದ ಮೇಲೆ ಮದುವೆಯಾಯಿತು. ಹುಡುಗ ಅವತ್ತು ಏನು ಹೇಳಿದ, ಸುಮಾ ಏನೆಂದಳು ಎಂದೆಲ್ಲ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಸೆರಗು ಇಳಿಸಿ ನಿಂತ ಲಲಿತೆಯನ್ನು, ಅವರನ್ನಲ್ಲ. ನಮ್ಮ ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವತ್ತು ಅವಳು ಹಣೆಯ ಮೇಲೆ ಬಿಳಿ ಜುಟ್ಟು ಹೊತ್ತು, ಕೈಯಲ್ಲಿ ಸೌಟು ಹಿಡಿದು, ಲಲಿತೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.